ಆಟ ಹುಡುಗರದು, ಗಲ್ಲಾ ಯಾರದು?

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಇಂದಿನ ಸಭೆಯಲ್ಲಿ ಆಟೋಟದ ವಿಷಯ ಮಾತನಾಡುತ್ತೇವೆಂದು ತಿಳಿದಾಗ ಕೆಲವರು ಮೂಗು ಮುರಿದರು. ಕೂಲಿ, ಬೋನಸ್ಸು, ಅಕ್ಕಿ ಎಣ್ಣೆಗಳ ಬೆಲೆ ಇವೆಲ್ಲ ತಲೆಯ ಮೇಲೆ ಕುಳಿತಿರುವಾಗ ಚೆಂಡಾಟದ ಮಾತೇಕೆ ಎಂಬುದು ಅವರ ಆಕ್ಷೇಪ. ಆಕ್ಷೇಪಕ್ಕೆ ಅರ್ಥವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಚೆಂಡಾಟದಲ್ಲಿಯೂ ಕೂಲಿ ಇದೆ, ಲಾಭ ಇದೆ, ಗಲ್ಲಾಪೆಟ್ಟಿಗೆ ಇದೆ. ಆ ಪೆಟ್ಟಿಗೆಯ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬ ಪ್ರಶ್ನೆಯೂ ಇದೆ. ಅಂಗಡಿ ಇಟ್ಟುಕೊಂಡಿರುವ ನಮ್ಮ ಸೋದರರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಗಿರಣಿಯ ಸೋದರರಿಗೆ ಇನ್ನೂ ಬೇಗ.

ನಾವು ಹೇಳಹೊರಟಿರುವುದು ಒಂದು ಕಸುಬಿನ ಶಾಲೆಯ ಕಥೆ. ಅದು ನಮ್ಮ ನಾಡಿನದಲ್ಲ, ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಕಾರ್ಲೈಲ್ ಎಂಬ ಚಿಕ್ಕ ಊರಿನದು. 1879ರಲ್ಲಿ ಆರಂಭವಾಗಿ 1918ರಲ್ಲಿ ಮುಚ್ಚಿದ ಈ ಶಾಲೆಯ ಹೆಸರನ್ನು ಇಂದಿಗೂ ಅಲ್ಲಿನ ಆಟದ ಚರಿತ್ರೆಯಿಂದ ತೆಗೆದುಹಾಕಲು ಆಗಿಲ್ಲ. ಹಾರ್ವರ್ಡ್, ಪೆನ್ಸಿಲ್ವೇನಿಯಗಳಂಥ ಶ್ರೀಮಂತ ವಿಶ್ವವಿದ್ಯಾಲಯಗಳ ತಂಡಗಳನ್ನು ಇಲ್ಲಿನ ಹುಡುಗರು ಮಣ್ಣು ಮುಕ್ಕಿಸಿದರು. ಹಗಲಿನ ಅರ್ಧಭಾಗ ಕತ್ತರಿ, ಸುತ್ತಿಗೆ, ಉಳಿ ಹಿಡಿಯುತ್ತಿದ್ದ ಹುಡುಗರು ಅವರು.

ಶಾಲೆ ಯಾರಿಗಾಗಿ ಹುಟ್ಟಿತೆಂಬುದನ್ನು ಮೊದಲು ತಿಳಿಯಬೇಕು. ಕೊಲಂಬಸ್ ದಾರಿ ತಪ್ಪಿ ಬಂದು "ಇಂಡಿಯನ್ನರು" ಎಂದು ಹೆಸರಿಟ್ಟ ಅಲ್ಲಿನ ಮೂಲನಿವಾಸಿಗಳ ಮಕ್ಕಳಿಗಾಗಿ. ಭೂಮಿ ಹೋಯಿತು, ಬೇಟೆಯ ಬಯಲು ಹೋಯಿತು. ಉಳಿದವರನ್ನು ಸರ್ಕಾರ ಗಡಿ ಹಾಕಿದ ಸೀಮೆಗಳಲ್ಲಿ ಕೂಡಿತು. ಆಮೇಲೆ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೈನ್ಯಾಧಿಕಾರಿ ಒಂದು ಯೋಜನೆ ತಂದ. ಮಕ್ಕಳನ್ನು ತಾಯಿತಂದೆಯರಿಂದ ಸಾವಿರಾರು ಮೈಲಿ ದೂರ ಒಯ್ದು, ಅವರ ಭಾಷೆ, ಉಡುಪು, ಹೆಸರು ಎಲ್ಲವನ್ನೂ ಕಳಚಿ, ಬಿಳಿಯರಂತೆ ಮಾಡಿಬಿಟ್ಟರೆ "ಸಮಸ್ಯೆ" ತೀರುತ್ತದೆ ಎಂಬುದು ಆತನ ವಾದ. ಸೈನ್ಯದ ಹಳೆಯ ಪಾಳೆಯವೊಂದನ್ನು ಸರ್ಕಾರ ಅವನಿಗೆ ಬಿಟ್ಟುಕೊಟ್ಟಿತು. 1879ರ ಅಕ್ಟೋಬರಿನಲ್ಲಿ ಲಕೋಟ ಪಂಗಡದ ಮೊದಲ ಮಕ್ಕಳು ನಡುರಾತ್ರಿ ರೈಲಿನಿಂದ ಇಳಿದರು. ಅವರ ಕೂದಲು ಕತ್ತರಿಸಿದರು. ಕೂದಲು ಕತ್ತರಿಸುವುದು ಆ ಜನರಲ್ಲಿ ಸಾವಿನ ಸೂತಕದ ಗುರುತು. ನಮ್ಮಲ್ಲಿಯೂ ಕೇಶಮುಂಡನದ ಅರ್ಥ ಬಲ್ಲವರಿದ್ದೀರಿ, ಹೆಚ್ಚು ವಿವರಿಸಬೇಕಾಗಿಲ್ಲ. ಬಂದಾಗ ಒಂದು ಫೋಟೋ, ಕೂದಲು ಕತ್ತರಿಸಿ ಕೋಟು ತೊಡಿಸಿದ ಮೇಲೆ ಇನ್ನೊಂದು ಫೋಟೋ. ಇವೆರಡನ್ನೂ ಜೋಡಿಸಿ ಹಣ ಕೊಡುವವರಿಗೆ ತೋರಿಸುತ್ತಿದ್ದರು.

ದಿನದ ಅರ್ಧ ಓದು, ಅರ್ಧ ಕೆಲಸ. ಹುಡುಗರಿಗೆ ಕಮ್ಮಾರಿಕೆ, ಬಡಗಿ ಕೆಲಸ, ತಗಡಿನ ಕೆಲಸ, ದರ್ಜಿ ಕೆಲಸ, ಬೂಟು ಹೊಲಿಯುವುದು, ಗಾಡಿ ಕಟ್ಟುವುದು, ಕುದುರೆಯ ಜೀನು ಮಾಡುವುದು, ಅಚ್ಚುಕೂಟ. ಹುಡುಗಿಯರಿಗೆ ಹೊಲಿಗೆ, ಅಡಿಗೆ, ಬಟ್ಟೆ ಒಗೆತ, ಇಸ್ತ್ರಿ. ಶಾಲೆಯವರ ಉಡುಪನ್ನು ಶಾಲೆಯ ಮಕ್ಕಳೇ ಹೊಲಿದರು. ಕಟ್ಟಡಗಳ ಕೆಲಸದಲ್ಲಿ ಅವರದೇ ಕೈ. ಬೇಸಗೆಯಲ್ಲಿ, ಕೆಲವೊಮ್ಮೆ ವರ್ಷವಿಡೀ, ಸುತ್ತಲ ರೈತರ ಮನೆಗಳಿಗೆ ಕೆಲಸಕ್ಕೆ ಕಳಿಸುತ್ತಿದ್ದರು. ಕೂಲಿಯ ಹೆಚ್ಚಿನ ಪಾಲು ಮಕ್ಕಳ ಕೈಗೆ ಬರದೆ ಶಾಲೆಯ ಉಸ್ತುವಾರಿಯ ಖಾತೆಗೆ ಹೋಗುತ್ತಿತ್ತು.

ಲೂಥರ್ ಸ್ಟ್ಯಾಂಡಿಂಗ್ ಬೇರ್ ಎಂಬಾತ ಆ ಮೊದಲ ತಂಡದ ಹುಡುಗರಲ್ಲೊಬ್ಬ. ಮುಂದೆ 1928ರಲ್ಲಿ ತನ್ನ ಕಥೆಯನ್ನು ಪುಸ್ತಕವಾಗಿ ಬರೆದ. ಅವನಿಗೆ ತಗಡಿನ ಕೆಲಸ ಕಲಿಸಿದರು; ಲೋಟ, ಬಕೀಟು, ಪಾತ್ರೆಗಳನ್ನು ನೂರುಗಟ್ಟಲೆ ಮಾಡಿದ. ಅವೆಲ್ಲ ಅವನ ಸೀಮೆಯ ಜನರಿಗೇ ರವಾನೆಯಾದವು. ಕೆಲಸ ಕಲಿತು ಊರಿಗೆ ಹೋಗಿ ನೋಡುತ್ತಾನೆ, ಮನೆಮನೆಯಲ್ಲಿಯೂ ಅವನೇ ಮಾಡಿದ ಪಾತ್ರೆ ತುಂಬಿವೆ, ಕಸುಬಿಗೆ ಗಿರಾಕಿಯೇ ಇಲ್ಲ! ಐಟಿಐ ಮುಗಿಸಿ ಸರ್ಟಿಫಿಕೇಟು ಹಿಡಿದು ಅಲೆಯುವ ಹುಡುಗನಿರುವ ಮನೆಯವರು ಇದನ್ನು ಕೇಳಿ ನಗಲಾರರು.

ಇಂಥ ಶಾಲೆಯಲ್ಲಿ ಆಟ ಹೇಗೆ ಬಂತು? ಅಲ್ಲಿಯ ಫುಟ್‌ಬಾಲು ನಾವು ಆಡುವ ಫುಟ್‌ಬಾಲಲ್ಲ. ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಎದುರಿನವರು ಅವನನ್ನು ಹಿಡಿದು ಕೆಡಹುವುದು. ನಮ್ಮ ಕಬಡ್ಡಿಯ ಹಿಡಿತಕ್ಕೆ ಒಂದು ಚೆಂಡು ಸೇರಿಸಿದರೆ ಸುಮಾರಾಗಿ ಅದೇ. ಆಗಿನ ಕಾಲದಲ್ಲಿ ಕೈಕಾಲು ಮುರಿಯುವುದು ಮಾಮೂಲು, ಸಾಯುವುದೂ ಉಂಟು. 1890ರ ದಶಕದ ಆರಂಭದಲ್ಲಿ ಪಕ್ಕದ ಡಿಕಿನ್ಸನ್ ಕಾಲೇಜಿನೊಡನೆ ಆಡುವಾಗ ಕಾರ್ಲೈಲಿನ ಹುಡುಗನೊಬ್ಬನ ಕಾಲು ಮುರಿಯಿತು. ಪ್ರ್ಯಾಟ್ ಹೊರಗಿನವರೊಡನೆ ಆಡುವುದನ್ನೇ ನಿಷೇಧಿಸಿದ. ಹುಡುಗರು ಸುಮ್ಮನಾಗಲಿಲ್ಲ, ಗುಂಪಾಗಿ ಬಂದು, ತಮ್ಮಲ್ಲಿ ಮಾತು ಬಲ್ಲವನನ್ನು ಮುಂದಿಟ್ಟುಕೊಂಡು ವಾದ ಹೂಡಿದರು. ಆ ಇಂಗ್ಲಿಷು ವಾಗ್ಮಿತೆ ಕಲಿಸಿದ್ದು ಅದೇ ಶಾಲೆಯಲ್ಲವೇ! ಪ್ರ್ಯಾಟ್ ಮಣಿದ, ಆದರೆ ಎರಡು ಷರತ್ತು ಹಾಕಿದ. ಎದುರಾಳಿ ಎಷ್ಟೇ ಕೆಣಕಿದರೂ ಕೈ ಎತ್ತಿ ಹೊಡೆಯಬಾರದು. ಕೆಲವೇ ವರ್ಷಗಳಲ್ಲಿ ದೇಶದ ಅತಿ ದೊಡ್ಡ ತಂಡಗಳನ್ನು ಸೋಲಿಸಬೇಕು.

ಮೊದಲನೆಯ ಷರತ್ತನ್ನು ಗಮನಿಸಿ. ಬಿಳಿಯ ಹುಡುಗ ಗುದ್ದಿದರೆ ಅದು ಆಟದ ಹುಮ್ಮಸ್ಸು, ಮೂಲನಿವಾಸಿ ಹುಡುಗ ಗುದ್ದಿದರೆ ಅದು ಕಾಡುಜನರ ಕ್ರೌರ್ಯ ಎಂದು ಪತ್ರಿಕೆಗಳು ಬರೆಯುವುದು ಖಂಡಿತವೆಂದು ಪ್ರ್ಯಾಟನಿಗೆ ತಿಳಿದಿತ್ತು. ಎರಡನೆಯ ಷರತ್ತಿನ ಒಳಗುಟ್ಟು, ತಂಡವೆಂಬುದು ಶಾಲೆಯ ಜಾಹೀರಾತಾಗಬಲ್ಲುದೆಂಬುದು. ಎರಡು ಫೋಟೋಗಳ ಬದಲು ಹನ್ನೊಂದು ಆಟಗಾರರು.

1896ರಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಪೆನ್ಸಿಲ್ವೇನಿಯ ಈ ನಾಲ್ಕು ದೊಡ್ಡ ತಂಡಗಳೊಡನೆಯೂ ಕಾರ್ಲೈಲ್ ಆಡಿತು. ಯೇಲ್ ಆಟದಲ್ಲಿ ನ್ಯಾಯವಾಗಿ ಬಂದ ಅಂಕವನ್ನು ತೀರ್ಪುಗಾರ ರದ್ದು ಮಾಡಿದ, ಪ್ರೇಕ್ಷಕರೇ ಛೀ ಎಂದರು. ಆ ತೀರ್ಪುಗಾರ ಯೇಲಿನ ಹಳೆಯ ವಿದ್ಯಾರ್ಥಿ. ಆ ವರ್ಷ ಕಾರ್ಲೈಲಿಗೆ ತರಬೇತಿ ಕೊಡುತ್ತಿದ್ದವನೂ ಆತನೇ. ನಿಯತ್ತು ಎತ್ತ ವಾಲುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1899ರಲ್ಲಿ ಗ್ಲೆನ್ ವಾರ್ನರ್ ಎಂಬ ತರಬೇತಿದಾರ ಬಂದ. "ಪಾಪ್" ವಾರ್ನರ್ ಎಂದೇ ಪ್ರಸಿದ್ಧ. ಮಹಾ ಚತುರ, ಬಾಯಿ ಮಾತ್ರ ಹೊಲಸು. ಹುಡುಗರು ಮೈತೂಕದಲ್ಲಿ ಕಡಿಮೆ, ಸಂಖ್ಯೆಯಲ್ಲಿಯೂ ಕಡಿಮೆ. ಆದುದರಿಂದ ಡಿಕ್ಕಿ ಹೊಡೆಯುವುದನ್ನು ಬಿಟ್ಟು ವೇಗ ಮತ್ತು ಕಣ್ಕಟ್ಟಿನ ಆಟ ಕಲಿಸಿದ. 1903ರಲ್ಲಿ ಹಾರ್ವರ್ಡಿನ ಎದುರು, ಅಂಗಿಯ ಅಂಚಿಗೆ ಎಲಾಸ್ಟಿಕ್ ಹೊಲಿಸಿ, ಚೆಂಡನ್ನು ಒಬ್ಬನ ಬೆನ್ನಿನೊಳಗೆ ಸಿಕ್ಕಿಸಿ ಓಡಿಸಿದರು. ಹಾರ್ವರ್ಡಿನವರು ಚೆಂಡೆಲ್ಲಿ ಚೆಂಡೆಲ್ಲಿ ಎಂದು ಕಂಡಕಂಡವರನ್ನು ಕೆಡಹುತ್ತಿರುವಾಗ ಆ ಗೂನುಬೆನ್ನಿನ ಹುಡುಗ ಗೆರೆ ದಾಟಿದ್ದ! ಆಟವನ್ನು 12-11ರಿಂದ ಸೋತರು, ಆದರೆ ಕಥೆ ಇಂದಿಗೂ ಉಳಿದಿದೆ. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಅವಕಾಶ ಕೊಟ್ಟಾಗ, ದೊಡ್ಡ ಕಾಲೇಜುಗಳು ಅನುಮಾನಿಸುತ್ತಿರುವಾಗಲೇ ಕಾರ್ಲೈಲಿನವರು ಅದನ್ನು ಪಳಗಿಸಿಕೊಂಡರು. 1907ರಲ್ಲಿ ಪೆನ್ಸಿಲ್ವೇನಿಯವನ್ನು 26-6ರಿಂದಲೂ, ಹಾರ್ವರ್ಡನ್ನು 23-15ರಿಂದಲೂ ಸೋಲಿಸಿದರು. ಇಂದು ಅಮೆರಿಕದ ಕೋಟ್ಯಂತರ ಜನ ನೋಡುವ ಆಟದ ರೂಪ ತಿದ್ದಿದವರಲ್ಲಿ ಈ ದರ್ಜಿ, ಕಮ್ಮಾರ ಹುಡುಗರಿದ್ದಾರೆ.

ದೊಡ್ಡ ಆಟಗಳೆಲ್ಲ ಹೆಚ್ಚಾಗಿ ಎದುರಾಳಿಗಳ ಊರುಗಳಲ್ಲಿಯೇ. ಚಿಕ್ಕ ಕಾರ್ಲೈಲಿನಲ್ಲಿ ಟಿಕೆಟ್ಟು ಕೊಳ್ಳುವವರೆಷ್ಟು ಮಂದಿ? ನ್ಯೂಯಾರ್ಕು, ಫಿಲಡೆಲ್ಫಿಯ, ಬಾಸ್ಟನ್ನುಗಳಲ್ಲಾದರೆ ಸಾವಿರಾರು ಜನ. ಹುಡುಗರು ವಾರವಾರ ರೈಲಿನಲ್ಲಿ ಪಯಣ ಮಾಡಿದರು, ಪೆಟ್ಟು ತಿಂದರು. ಟಿಕೆಟ್ಟಿನ ಹಣದ ಪಾಲು ಶಾಲೆಯ "ಕ್ರೀಡಾನಿಧಿ"ಗೆ ಬಿತ್ತು. ಈ ನಿಧಿ ಸರ್ಕಾರದ ಲೆಕ್ಕಕ್ಕೆ ಸೇರಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮತ್ತೆ ಇದಕ್ಕೆ ಬರುತ್ತೇವೆ.

ಈಗ ಜಿಮ್ ಥಾರ್ಪನ ವಿಷಯ. ಸ್ಯಾಕ್ ಅಂಡ್ ಫಾಕ್ಸ್ ಪಂಗಡದವನು, ಓಕ್ಲಹೋಮ ಸೀಮೆಯವನು, 1904ರಲ್ಲಿ ಕಾರ್ಲೈಲಿಗೆ ಬಂದ. ಅವನಿಗೆ ದರ್ಜಿ ಕೆಲಸ ಹಚ್ಚಿದರು, ಹೊಲಗಳಿಗೂ ದುಡಿಯಲು ಕಳಿಸಿದರು. ಒಂದು ದಿನ ಹುಡುಗರು ಎತ್ತರ ಜಿಗಿತದ ಅಭ್ಯಾಸ ಮಾಡುತ್ತಿದ್ದಾಗ ಕೆಲಸದ ಬಟ್ಟೆಯಲ್ಲಿಯೇ ಬಂದು ಅವರಿಗೆ ದಾಟಲಾಗದ ಕೋಲನ್ನು ದಾಟಿಬಿಟ್ಟನಂತೆ. 1911ರ ನವೆಂಬರಿನಲ್ಲಿ ಹಾರ್ವರ್ಡನ್ನು 18-15ರಿಂದ ಸೋಲಿಸಿದಾಗ, ಪೆಟ್ಟಾದ ಕಾಲಿಗೆ ಪಟ್ಟಿ ಕಟ್ಟಿಕೊಂಡು ನಾಲ್ಕು ಬಾರಿ ಚೆಂಡನ್ನು ಕಂಬಗಳ ನಡುವೆ ಒದ್ದ.

1912ರ ಬೇಸಗೆಯಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಒಲಿಂಪಿಕ್ಸ್. ಐದು ಸ್ಪರ್ಧೆಗಳ ಪೆಂಟಾಥ್ಲಾನಿನಲ್ಲಿ ನಾಲ್ಕರಲ್ಲಿ ಥಾರ್ಪನೇ ಮೊದಲು. ಹತ್ತು ಸ್ಪರ್ಧೆಗಳ ಡೆಕಾಥ್ಲಾನಿನಲ್ಲಿ 8,412 ಅಂಕ. ಎರಡನೆಯವನು ಬಹುದೂರ ಹಿಂದೆ. ಸ್ವೀಡನ್ನಿನ ದೊರೆಯೇ ಹೊಗಳಿದ. ಅದೇ ಶಾಲೆಯ ಲೂಯಿಸ್ ತೆವಾನಿಮ 10,000 ಮೀಟರ್ ಓಟದಲ್ಲಿ ಬೆಳ್ಳಿ ತಂದ. ಹೋಪಿ ಪಂಗಡದ ಈತ ಶಾಲೆಗೆ ಸೇರಿದ್ದು ಹೇಗೆಂದು ಬಲ್ಲಿರಾ? ಮಕ್ಕಳನ್ನು ಸರ್ಕಾರಿ ಶಾಲೆಗೆ ಒಪ್ಪಿಸುವುದಿಲ್ಲವೆಂದು ಪ್ರತಿಭಟಿಸಿದ ಹೋಪಿಗಳನ್ನು ಸೈನ್ಯ ಬಂಧಿಸಿತು. ಅವರಲ್ಲಿ ಕೆಲವರನ್ನು 1907ರಲ್ಲಿ ಕಾರ್ಲೈಲಿಗೆ ಸಾಗಿಸಿದರು. ಕೈದಿಯಾಗಿ ಬಂದವನು ದೇಶದ ಬಾವುಟ ತೊಟ್ಟು ಓಡಿದ. ಆ ದೇಶದಲ್ಲಿ ಹುಟ್ಟಿದ ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಸಿಕ್ಕಿದ್ದು 1924ರಲ್ಲಿ, ಅಂದರೆ ಆ ಬೆಳ್ಳಿ ಬಂದು 12 ವರ್ಷವಾದ ಮೇಲೆ.

ಆ ವರ್ಷದ ನವೆಂಬರಿನಲ್ಲಿ ವೆಸ್ಟ್ ಪಾಯಿಂಟಿನಲ್ಲಿ ಸೈನ್ಯಶಾಲೆಯ ತಂಡದೊಡನೆ ಆಟ. ಎದುರಿಗೆ ನಾಳಿನ ಸೇನಾಪತಿಗಳು. ಅವರಲ್ಲೊಬ್ಬ ಮುಂದೆ ರಾಷ್ಟ್ರಾಧ್ಯಕ್ಷನಾದ ಐಸೆನ್‌ಹೋವರ್. ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೈನ್ಯ ಲಕೋಟ ಹೆಂಗಸರು ಮಕ್ಕಳನ್ನೂ ಬಿಡದೆ ಕೊಂದು ಆಗ 22 ವರ್ಷವಷ್ಟೇ ಆಗಿತ್ತು. ಹುಡುಗರಿಗೆ ಯಾರೂ ಇದನ್ನು ನೆನಪಿಸಬೇಕಾಗಿರಲಿಲ್ಲ. ಕಾರ್ಲೈಲ್ 27, ಸೈನ್ಯ 6.

ಮೂರು ತಿಂಗಳೂ ಕಳೆಯಲಿಲ್ಲ. 1913ರ ಜನವರಿಯಲ್ಲಿ ಒಂದು ಪತ್ರಿಕೆ ಸುದ್ದಿ ಹೊರಡಿಸಿತು: ಥಾರ್ಪ್ 1909 ಮತ್ತು 1910ರಲ್ಲಿ ಉತ್ತರ ಕೆರೊಲಿನದ ಒಂದು ಸಣ್ಣ ಬೇಸ್‌ಬಾಲ್ ತಂಡದಲ್ಲಿ ಹಣ ಪಡೆದು ಆಡಿದ್ದಾನೆ! ಹಣವೆಂದರೆ ಊಟ ವಸತಿಗೆ ಸಾಲುವಷ್ಟು. ಒಲಿಂಪಿಕ್ಸಿನ ನಿಯಮದಂತೆ ಆಟಕ್ಕೆ ಹಣ ಮುಟ್ಟಿದವನು "ಹವ್ಯಾಸಿ"ಯಲ್ಲ. ಪದಕಗಳನ್ನು ಕಿತ್ತುಕೊಂಡರು, ದಾಖಲೆಗಳನ್ನು ಅಳಿಸಿದರು.

ಬಂಧುಗಳೇ, ಈ ಹವ್ಯಾಸಿ ನಿಯಮವೆಂಬುದು ಏನೆಂದು ಸ್ವಲ್ಪ ಬಿಡಿಸಿ ನೋಡೋಣ. ಇದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿಯ ಧಣಿಗಳು ಮೊದಮೊದಲು ಮುಚ್ಚುಮರೆಯಿಲ್ಲದೆಯೇ ಬರೆದರು: ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಗಾರ, ಇವರಾರೂ ಹವ್ಯಾಸಿಗಳಲ್ಲ. ಆಟಕ್ಕೆ ಹಣ ಪಡೆದರೋ ಇಲ್ಲವೋ ಎಂಬ ವಿಚಾರವೇ ಇಲ್ಲ. ಕೈಯಿಂದ ದುಡಿದು ಉಣ್ಣುವವನು ಎಂಬುದೇ ದೋಷ. ಹೆನ್ಲಿ ಎಂಬಲ್ಲಿಯ ದೋಣಿ ಪಂದ್ಯದಲ್ಲಿ ಈ ನಿಯಮ 1937ರವರೆಗೂ ಉಳಿದಿತ್ತು. 1920ರಲ್ಲಿ ಅಮೆರಿಕದ ಜಾನ್ ಕೆಲಿಯನ್ನು ಅಲ್ಲಿ ಸೇರಿಸಲಿಲ್ಲ. ಅವನು ಇಟ್ಟಿಗೆ ಕಟ್ಟುವ ಕೆಲಸ ಮಾಡಿದವನು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಕೆಲಿ, ಹೆನ್ಲಿಯಲ್ಲಿ ಗೆದ್ದಿದ್ದ ಇಂಗ್ಲಿಷಿನವನನ್ನೇ ಸೋಲಿಸಿ ಚಿನ್ನ ಪಡೆದ.

ನಮ್ಮ ಜನಕ್ಕೆ ಇದು ಹೊಸದಲ್ಲ. ಇದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ, ಮಡಿ. ದುಡಿಯುವವನ ಬೆವರು ಮೈಲಿಗೆ, ಆ ಬೆವರಿನ ಫಲ ಉಣ್ಣುವವನು ಮಡಿ. ಪಂಕ್ತಿಯಲ್ಲಿ ಯಾರು ಕೂರಬೇಕೆಂಬುದನ್ನು ಅಡಿಗೆ ಮಾಡಿದವನು ತೀರ್ಮಾನಿಸುವುದಿಲ್ಲ.

ಥಾರ್ಪನೇನೂ ಕದ್ದುಮುಚ್ಚಿ ಆಡಿರಲಿಲ್ಲ. ತನ್ನ ಹೆಸರಿನಲ್ಲಿಯೇ ಆಡಿದ. ಆ ಕಾಲದಲ್ಲಿ ದೊಡ್ಡ ಕಾಲೇಜುಗಳ ಎಷ್ಟೋ ಹುಡುಗರು ಬೇಸಗೆಯಲ್ಲಿ ಸುಳ್ಳು ಹೆಸರಿಟ್ಟುಕೊಂಡು ಹಣಕ್ಕೆ ಆಡುತ್ತಿದ್ದರು. ಅವರಿಗೆ ಹೇಳಿಕೊಡುವವರಿದ್ದರು, ಇವನಿಗೆ ಇರಲಿಲ್ಲ. ನಿಯಮ ತನಗೆ ಗೊತ್ತಿರಲಿಲ್ಲವೆಂಬ ಅರ್ಥದ ಪತ್ರಕ್ಕೆ ಅವನಿಂದ ಸಹಿ ಹಾಕಿಸಿದರು. ವಾರ್ನರ್ ಮತ್ತು ಶಾಲೆಯ ಮುಖ್ಯಸ್ಥ ತಮಗೇನೂ ತಿಳಿಯದೆಂದು ಕೈತೊಳೆದುಕೊಂಡರು. ಎರಡು ಬೇಸಗೆ ಶಾಲೆ ಬಿಟ್ಟು ಹೋಗಿದ್ದ ಅತ್ಯುತ್ತಮ ಆಟಗಾರ ಎಲ್ಲಿದ್ದನೆಂದು ತರಬೇತಿದಾರನಿಗೆ ತಿಳಿಯದೆಂದರೆ ನಂಬುವವರು ನಂಬಲಿ. ವಾರ್ನರನಾದರೋ ಆಟದಿಂದಲೇ ಸಂಬಳ ಪಡೆಯುತ್ತಿದ್ದವನು! ಓಡಿಸಿದವನು ಹಣ ಮುಟ್ಟಬಹುದು, ಓಡಿದವನು ಮುಟ್ಟಬಾರದು.

ನಿಯಮವನ್ನೇ ಹಿಡಿಯುವುದಾದರೂ ಇಡೀ ಹಿಡಿಯಬೇಕಷ್ಟೆ? ಸ್ಟಾಕ್‌ಹೋಮಿನ ನಿಯಮಾವಳಿಯಂತೆ ತಕರಾರನ್ನು 30 ದಿನಗಳೊಳಗೆ ಎತ್ತಬೇಕಿತ್ತು. ಎತ್ತಿದ್ದು ಸುಮಾರು ಆರು ತಿಂಗಳ ಮೇಲೆ. ಬಡವನ ಮೇಲೆ ಕಲಮು ಹಾಕುವಾಗ ವಾಯಿದೆ ನೋಡುವ ಪದ್ಧತಿ ಅಲ್ಲಿಯೂ ಇರಲಿಲ್ಲವೆಂದಾಯಿತು.

ಈಗ ಗಲ್ಲಾಪೆಟ್ಟಿಗೆ. ಅದನ್ನು ತೆರೆಸಿದವರು ವಿದ್ಯಾರ್ಥಿಗಳೇ. ಇನ್ನೂರಕ್ಕೂ ಹೆಚ್ಚು ಮಂದಿ ಸಹಿ ಹಾಕಿದ ಮನವಿ ಸರ್ಕಾರಕ್ಕೆ ಹೋಯಿತು. 1914ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸಮಿತಿ ಕಾರ್ಲೈಲಿಗೆ ಬಂದು ಸಾಕ್ಷ್ಯ ತೆಗೆದುಕೊಂಡಿತು. ತಂಡದ ಆಟಗಾರರೇ ವಾರ್ನರನ ವಿರುದ್ಧ ಮಾತನಾಡಿದರು. ಅವರ ಪೈಕಿ ಗಸ್ ವೆಲ್ಚ್ ಎಂಬ ಧೀರ ಮುಖ್ಯನು. ಹೊರಬಿದ್ದ ಸಂಗತಿಗಳಾದರೂ ಏನು? ಉಳಿದ ಮಕ್ಕಳಿಗೆ ಅರೆಹೊಟ್ಟೆ, ಆಟಗಾರರಿಗೆ ಬೇರೆ ವಸತಿ, ಬೇರೆ ಊಟ. ಒಬ್ಬ ಹುಡುಗಿಯನ್ನು ಸಿಬ್ಬಂದಿಯವನು ಹಲಗೆಯಿಂದ ಬಡಿದಿದ್ದ. ಕ್ರೀಡಾನಿಧಿಯ ಹಣ ಮೇಲಿನವರ ಮನಸ್ಸಿಗೆ ಬಂದಂತೆ ವೆಚ್ಚವಾಗಿತ್ತು. ಅದರ ಲೆಕ್ಕ ಕೇಳುವ ಅಧಿಕಾರ ಗಳಿಸಿದವರಿಗೆ ಇರಲಿಲ್ಲ. ಮುಖ್ಯಸ್ಥ ಸ್ಥಾನ ಕಳೆದುಕೊಂಡ. ವಾರ್ನರ್ ಪಿಟ್ಸ್‌ಬರ್ಗಿಗೆ ಹೋಗಿ ಇನ್ನೂ ದೊಡ್ಡ ಹೆಸರು ಮಾಡಿದ. ವೆಲ್ಚ್ ಪಕ್ಕದ ಡಿಕಿನ್ಸನ್ನಿನಲ್ಲಿಯೇ ಕಾನೂನು ಓದಿ ಮುಗಿಸಿದ. ಇದನ್ನು ಕೇಳಿ ನಮಗೆ ಸಂತೋಷವಾಗುತ್ತದೆ.

ಇಲ್ಲೊಂದು ಮಾತು ಏಳುತ್ತದೆ. ಶಾಲೆಯಿಲ್ಲದಿದ್ದರೆ ಥಾರ್ಪ್ ಎಲ್ಲಿಂದ ಬರುತ್ತಿದ್ದ, ಆಟವಾದರೂ ಸಿಕ್ಕಿತಲ್ಲ ಎಂದು ಕೆಲವರು ಹೇಳುತ್ತಾರೆ. ಹುಡುಗರಿಗೆ ತಂಡದ ಮೇಲೆ ಇದ್ದ ಅಭಿಮಾನ ಸುಳ್ಳಲ್ಲ. ಮುದುಕರಾದ ಮೇಲೂ ಆ ಗೆಲುವುಗಳನ್ನು ನೆನೆದು ಹಿಗ್ಗಿದವರಿದ್ದಾರೆ. ಭಾಷೆ ಬೇರೆ ಬೇರೆಯಾಗಿದ್ದ ಹಲವು ಪಂಗಡಗಳ ಮಕ್ಕಳು ಆ ಮೈದಾನದಲ್ಲಿ ಒಂದಾದರು. ಇದು ಹುಡುಗರು ತಾವೇ ಮಾಡಿಕೊಂಡ ಸಂಪಾದನೆ, ಶಾಲೆಯ ದಾನವಲ್ಲ. ಗಿರಣಿಯಲ್ಲಿ ಬೆಳೆದ ಸ್ನೇಹವನ್ನು ಮಾಲೀಕನ ಕೊಡುಗೆಯೆಂದು ನಾವು ಯಾರಾದರೂ ಹೇಳುತ್ತೇವೆಯೇ?

ಇಲ್ಲಿ ನಮ್ಮೂರಿನ ಮಟ್ಟಿಗೆ ನಾವು ಕೇಳುವುದು ಇಷ್ಟು. ಕಸುಬಿನ ಶಾಲೆಗೆ ಹೋಗುವ ಮಕ್ಕಳಿಗೂ ಮೈದಾನ ಬೇಕು. ವರ್ಕ್‌ಶಾಪು ಇದ್ದರೆ ಸಾಕು ಎನ್ನುವವರ ಮಾತನ್ನು ಒಪ್ಪಬಾರದು. ಫೀಸಿನ ಜೊತೆಗೆ ಆಟದ ಹಣವೆಂದು ವಸೂಲು ಮಾಡಿದರೆ ಅದರ ಜಮಾಖರ್ಚನ್ನು ಗೋಡೆಗೆ ಅಂಟಿಸಬೇಕು. ಪಂದ್ಯಕ್ಕೆಂದು ಅಂಗಡಿ ಅಂಗಡಿಗೆ ಬಂದು ಚಂದಾ ಎತ್ತುವವರಿಂದ ರಸೀದಿ ಪಡೆಯಿರಿ, ಪಂದ್ಯ ಮುಗಿದ ಮೇಲೆ ಲೆಕ್ಕವನ್ನೂ ಪಡೆಯಿರಿ. ಹುಡುಗನಿಗೆ ಪೆಟ್ಟಾದರೆ ಆಸ್ಪತ್ರೆಯ ಖರ್ಚು ಯಾರದೆಂಬುದು ಆಟಕ್ಕೆ ಮೊದಲೇ ತೀರ್ಮಾನವಾಗಲಿ. ಯಂತ್ರಕ್ಕೆ ಬೆರಳು ಕೊಟ್ಟವನ ವಿಷಯದಲ್ಲಿ ನಾವು ಕೇಳುವುದನ್ನೇ ಇಲ್ಲಿಯೂ ಕೇಳಬೇಕು.

ಕಾರ್ಲೈಲಿನ ಕಥೆಯಲ್ಲಿ ಇನ್ನುಳಿದದ್ದು ಸ್ವಲ್ಪ. ತೆವಾನಿಮ ತನ್ನ ಬೆಟ್ಟದ ಊರಿಗೆ ಮರಳಿ ಕುರಿ ಕಾಯುತ್ತ, ಬೆಳೆ ಬೆಳೆಯುತ್ತ ಬಾಳಿ 1969ರಲ್ಲಿ ತೀರಿಕೊಂಡ. 10,000 ಮೀಟರಿನಲ್ಲಿ ಅವನ ನಂತರ ಅಮೆರಿಕಕ್ಕೆ ಪದಕ ಬಂದದ್ದು 1964ರಲ್ಲಿ, ಟೋಕಿಯೋದಲ್ಲಿ, ಬಿಲಿ ಮಿಲ್ಸ್‌ನಿಂದ. ಆತನೂ ಲಕೋಟ ಪಂಗಡದವನು, ಕಾನ್ಸಸ್ಸಿನ ಹ್ಯಾಸ್ಕೆಲ್ ಎಂಬ ಇಂಥದೇ ಶಾಲೆಯಲ್ಲಿ ಓದಿದವನು. ಥಾರ್ಪ್ ಹಣದ ಆಟಕ್ಕೆ ಇಳಿದು ಬೇಸ್‌ಬಾಲು, ಫುಟ್‌ಬಾಲು ಎರಡರಲ್ಲಿಯೂ ಹೆಸರು ಗಳಿಸಿದ. ಆಟಗಾರನ ವಯಸ್ಸು ಮುಗಿದ ಮೇಲೆ ಗುದ್ದಲಿ ಹಿಡಿದು ಗುಂಡಿ ತೋಡುವ ಕೂಲಿ ಮಾಡಿದ, ಸಿನಿಮಾಗಳಲ್ಲಿ ಗುಂಪಿನಲ್ಲಿ ನಿಂತ. 1953ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಕ್ರದ ಮೇಲಿನ ಮನೆಯೊಂದರಲ್ಲಿ ಸತ್ತ. ಅವನ ಚಿನ್ನ ಯಾರಿಗೆ ಹೋಯಿತೋ ಆ ಸ್ವೀಡನ್ನಿನ ವೀಸ್ಲಾಂಡರ್, ಅದು ತನ್ನದಲ್ಲವೆಂದೇ ಹೇಳಿದ್ದ. 1982ರಲ್ಲಿ ಒಲಿಂಪಿಕ್ ಸಮಿತಿ ಆ 30 ದಿನಗಳ ನಿಯಮವನ್ನು ಒಪ್ಪಿಕೊಂಡು, ಮರುವರ್ಷ ಪದಕಗಳ ನಕಲುಗಳನ್ನು ಮಕ್ಕಳ ಕೈಗೆ ಕೊಟ್ಟಿತು. ಆಗಲೂ ಅವನನ್ನು ಜಂಟಿ ವಿಜೇತನೆಂದೇ ಬರೆಯಿತು. ಒಬ್ಬನೇ ಗೆದ್ದವನೆಂದು ಬರೆದದ್ದು 2022ರ ಜುಲೈಯಲ್ಲಿ, 110 ವರ್ಷಗಳ ತರುವಾಯ.

ಶಾಲೆಯ ಜಾಗ ಈಗಲೂ ಸೈನ್ಯದ ವಶದಲ್ಲಿದೆ. 2024ರ ಡಿಸೆಂಬರಿನಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಆವರಣದ ಸ್ಮಶಾನದಲ್ಲಿ, ಮನೆಗೆ ಮರಳದೆ ಕ್ಷಯ ಮೊದಲಾದ ರೋಗಗಳಿಂದ ಸತ್ತ ಮಕ್ಕಳ ಸಮಾಧಿಗಳು ನೂರಕ್ಕೂ ಹೆಚ್ಚು ಇದ್ದವು. ಕೆಲವು ಕಲ್ಲುಗಳ ಮೇಲೆ ಹೆಸರೇ ಇಲ್ಲ. 2017ರಿಂದ ಕುಟುಂಬದವರು ಕೇಳಿದಂತೆ ಒಂದೊಂದಾಗಿ ಅಗೆದು ಆ ಮಕ್ಕಳ ಎಲುಬುಗಳನ್ನು ಅವರವರ ಸೀಮೆಗೆ ಕಳಿಸಿಕೊಡಲು ಆರಂಭಿಸಿದ್ದಾರೆ.

ಇನ್ನು ಪ್ರಶ್ನೆಗಳಿದ್ದರೆ ಕೇಳಿ. ರಾತ್ರಿ ಪಾಳಿಗೆ ಹೋಗುವವರು ಮೊದಲು ಕೇಳಲಿ.